ಕಟಾಂಜನದ ಬಳಿ ಮಂಡಿಯೂರಿದ ದಂಡನಾಯಕ



ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಸೇನೆಯನ್ನು ನಡೆಸಿದ ರಾಬರ್ಟ್ ಇ. ಲೀಯನ್ನು ಕುರಿತು ಒಂದು ಕಥೆಯುಂಟು. 1865ರ ಜೂನ್ ತಿಂಗಳು. ಯುದ್ಧ ಮುಗಿದು ಎರಡು ತಿಂಗಳಾಗಿತ್ತು. ಸೋತ ದಕ್ಷಿಣದ ರಾಜಧಾನಿಯಾಗಿದ್ದ ರಿಚ್ಮಂಡ್ ನಗರದ ಸಂತ ಪೌಲರ ದೇವಾಲಯದಲ್ಲಿ ಪರಮಪ್ರಸಾದದ ವೇಳೆ. ಗುರುಗಳು ಕರೆದಾಗ ಎಲ್ಲರಿಗಿಂತ ಮೊದಲು ಎದ್ದು ಮುಂದೆ ನಡೆದವನು ಕಪ್ಪು ಜನಾಂಗದ ಒಬ್ಬ ಮನುಷ್ಯ. ಬಿಳಿಯ ಭಕ್ತಾದಿಗಳು ಕುಳಿತಲ್ಲಿಯೇ ಸ್ತಬ್ಧರಾದರು. ಆಗ ಬಿಳಿಗಡ್ಡದ ದಂಡನಾಯಕನು ಗಂಭೀರವಾಗಿ ಎದ್ದು ಬಂದು, ಆ ಮನುಷ್ಯನ ಪಕ್ಕದಲ್ಲಿಯೇ ಮಂಡಿಯೂರಿದನು. ಉಳಿದವರು ಅವನನ್ನು ಹಿಂಬಾಲಿಸಿದರು.

ಎಂತಹ ಸುಂದರ ಕಥೆ! ಪ್ರಬೋಧನೆಗೆ ಹೇಳಿ ಮಾಡಿಸಿದಂತಿದೆ. ಶಿಲುಬೆಯ ಅಡಿಯಲ್ಲಿ ಎಲ್ಲರೂ ಸಮಾನರು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತ ಬೇಕೆ ಎಂದು ನಿಮಗನ್ನಿಸಬಹುದು. ಅಷ್ಟು ಅನ್ನಿಸಿದ ಮೇಲೆ ಕಥೆಯ ಮೂಲವನ್ನು ಒಮ್ಮೆ ನೋಡುವುದು ಒಳಿತು.

ಇದು ಅಚ್ಚಿನಲ್ಲಿ ಬಂದದ್ದು 1905ರಲ್ಲಿ, ಅಂದರೆ ನಡೆಯಿತೆನ್ನಲಾದ ದಿನದಿಂದ ನಲವತ್ತು ವರ್ಷಗಳ ನಂತರ. ಹೇಳಿದವನು ದಕ್ಷಿಣದ ಸೇನೆಯಲ್ಲಿ ಕರ್ನಲ್ ಆಗಿದ್ದ ಟಿ. ಎಲ್. ಬ್ರೌನ್. ಅವನ ಮಾತಿನಲ್ಲಿ ಲೀ ಮಂಡಿಯೂರಿದ್ದು ಆ ಮನುಷ್ಯನ ಪಕ್ಕದಲ್ಲಿ ಅಲ್ಲ, ಅವನಿಗೆ ಬಹಳ ದೂರವಲ್ಲದ ಒಂದೆಡೆಯಲ್ಲಿ. ಅಷ್ಟೇ ಅಲ್ಲ, ಬ್ರೌನನ ಕಣ್ಣಿಗೆ ಆ ಕಪ್ಪು ಮನುಷ್ಯನು ಪರಮಪ್ರಸಾದಕ್ಕೆ ಮುಂದೆ ಬಂದದ್ದೇ ಒಂದು ಅಪಮಾನ, ಗೆದ್ದ ಉತ್ತರದವರು ಸೋತವರನ್ನು ಕೆಣಕಲೆಂದೇ ಮಾಡಿಸಿದ ಕೃತ್ಯ. ಲೀಯ ಹಿರಿಮೆ ಏನೆಂದರೆ, ಅಂತಹ ಅಪಮಾನದ ಎದುರಿನಲ್ಲಿಯೂ ಏನೂ ನಡೆಯದವನಂತೆ, ಆ ಮನುಷ್ಯನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ತನ್ನ ಭಕ್ತಿಯನ್ನು ನೆರವೇರಿಸಿದ್ದು! ಮುಂದಿನ ತಲೆಮಾರಿನ ಭಕ್ತಿಬರಹಗಾರರು ಅದೇ ಕಥೆಯನ್ನು ಸಮಾನತೆಯ ಕಥೆಯಾಗಿ ತಿರುಗಿಸಿದರು. ಇಬ್ಬರ ನಡುವಣ ಅಂತರ ಒಂದೊಂದು ಮರುಕಥನದಲ್ಲಿಯೂ ಕಿರಿದಾಗುತ್ತ ಬಂತು. ಕಥೆ ಹೇಳುವವರು ಅಳತೆಗೋಲು ಹಿಡಿದು ಕೂರುವುದಿಲ್ಲ, ನಿಜ. ಆದರೆ ಇಲ್ಲಿ ಆ ಕೆಲವು ಅಡಿಗಳ ಅಂತರದಲ್ಲಿಯೇ ಎಲ್ಲ ಅರ್ಥವೂ ಅಡಗಿದೆ. ಇನ್ನೊಂದು ಸಂಗತಿಯನ್ನು ಗಮನಿಸಿರಿ. ಅಂದು ಎಲ್ಲರಿಗಿಂತ ಮೊದಲು ಧೈರ್ಯದಿಂದ ಎದ್ದವನ ಹೆಸರು ಕಥೆಯಲ್ಲಿಲ್ಲ. ಅವನು ಯಾರು, ಯಾವ ಮನೆಯಲ್ಲಿ ದುಡಿದಿದ್ದನು, ಅಂದು ಏನನ್ನು ಪ್ರಾರ್ಥಿಸಿದನು ಎಂದು ಯಾರೂ ಕೇಳಲಿಲ್ಲ.

ಲೀಯ ಜೀವನವನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ. ಜನನ 1807ರ ಜನವರಿ 19, ವರ್ಜೀನಿಯದಲ್ಲಿ. ತಂದೆ ಸ್ವಾತಂತ್ರ್ಯಯುದ್ಧದ ಹೆಸರಾಂತ ಅಶ್ವದಳದ ನಾಯಕ, ಮುಂದೆ ಸಾಲದಿಂದಾಗಿ ಸೆರೆಮನೆ ಕಂಡವನು. ಮಗನು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ 1829ರಲ್ಲಿ ಒಂದೂ ತಪ್ಪಂಕವಿಲ್ಲದೆ, ತರಗತಿಗೆ ಎರಡನೆಯವನಾಗಿ ಹೊರಬಂದನು. 1831ರಲ್ಲಿ ಮೇರಿ ಕಸ್ಟಿಸ್‌ಳನ್ನು ವಿವಾಹವಾದನು. ಅವಳ ತಂದೆ ಜಾರ್ಜ್ ವಾಷಿಂಗ್ಟನ್ನರ ಮನೆಯಲ್ಲಿ ಬೆಳೆದ, ಅವರ ಪತ್ನಿಯ ಮೊಮ್ಮಗ. 1861ರ ಏಪ್ರಿಲ್‌ನಲ್ಲಿ ಒಕ್ಕೂಟದ ಸೇನೆಯ ನಾಯಕತ್ವ ಅರಸಿ ಬಂದಾಗ ಲೀ ಅದನ್ನು ನಿರಾಕರಿಸಿ, ರಾಜೀನಾಮೆಯಿತ್ತು, ತನ್ನ ನಾಡಾದ ವರ್ಜೀನಿಯದ ಪಕ್ಷ ಸೇರಿದನು. 1862ರ ಜೂನ್ 1ರಿಂದ ಉತ್ತರ ವರ್ಜೀನಿಯ ಸೇನೆಯ ದಂಡನಾಯಕ. ಚಾನ್ಸಲರ್ಸ್‌ವಿಲ್‌ನಲ್ಲಿ ಅದ್ಭುತ ಜಯ. ಎರಡು ತಿಂಗಳೊಳಗೆ, 1863ರ ಜುಲೈನಲ್ಲಿ, ಗೆಟಿಸ್‌ಬರ್ಗ್‌ನಲ್ಲಿ ಸೋಲು. 1865ರ ಏಪ್ರಿಲ್ 9ರಂದು ಅಪಮ್ಯಾಟಕ್ಸ್‌ನಲ್ಲಿ ಗ್ರಾಂಟ್‌ಗೆ ಶರಣಾದನು. ಯುದ್ಧಕಲೆಯನ್ನು ಬಲ್ಲವರು ಅವನ ವ್ಯೂಹಗಳ ಬಗ್ಗೆ ಇನ್ನೂ ವಾದಿಸುತ್ತಿದ್ದಾರೆ, ಅದು ಅವರಿಗಿರಲಿ.

ತನ್ನ ನಾಡನ್ನು ಬಿಟ್ಟು ಅವನು ಬೇರೇನು ಮಾಡಬಹುದಿತ್ತು ಎಂದು ಕೆಲವರು ಕೇಳುತ್ತಾರೆ. ಉತ್ತರ ಅದೇ ನಾಡಿನಲ್ಲಿದೆ. ಒಕ್ಕೂಟ ಸೇನೆಯ ಮಹಾದಂಡನಾಯಕ ವಿನ್‌ಫೀಲ್ಡ್ ಸ್ಕಾಟ್ ವರ್ಜೀನಿಯದವನೇ. ಜಾರ್ಜ್ ತಾಮಸ್ ಎಂಬ ಇನ್ನೊಬ್ಬ ಸೇನಾನಿಯೂ ಅಲ್ಲಿಯವನೇ. ಒಕ್ಕೂಟಕ್ಕೆ ನಿಷ್ಠನಾಗಿ ಉಳಿದುದಕ್ಕೆ ಅವನ ಸ್ವಂತ ಸಹೋದರಿಯರು ಅವನ ಭಾವಚಿತ್ರವನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟರೆಂದು ಹೇಳುತ್ತಾರೆ. ಇಬ್ಬರೂ ಕೊಟ್ಟ ಮಾತನ್ನು ಉಳಿಸಿಕೊಂಡರು. ಅವರನ್ನು ಯಾರೂ ಸಂತರನ್ನಾಗಿ ಮಾಡಲಿಲ್ಲ.

ಲೀ ದೈವಭಕ್ತನಾಗಿದ್ದನು, ಅದರಲ್ಲಿ ನಟನೆ ಇರಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ, 1853ರಲ್ಲಿ, ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆಯಲ್ಲಿ ಎಪಿಸ್ಕೋಪಲ್ ಸಭೆಯಲ್ಲಿ ದೃಢೀಕರಣ ಪಡೆದನು. ಅವನ ಪತ್ರಗಳಲ್ಲಿ ದೇವರ ಹೆಸರಿಲ್ಲದ ಪುಟ ಅಪರೂಪ. ನಮ್ಮನ್ನು ಕಾಡಬೇಕಾದ ಪ್ರಶ್ನೆ ಏಳುವುದೇ ಇಲ್ಲಿ. 1856ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನಿಂದ ಹೆಂಡತಿಗೆ ಬರೆದ ಪತ್ರವನ್ನು ಅವನ ಅಭಿಮಾನಿಗಳು ಬಹಳ ಉಲ್ಲೇಖಿಸುತ್ತಾರೆ, ಏಕೆಂದರೆ ಅದರಲ್ಲಿ ಗುಲಾಮಗಿರಿಯನ್ನು ಅವನು ನೈತಿಕ ಕೇಡು ಎಂದು ಕರೆದಿದ್ದಾನೆ. ಅವರು ಅಲ್ಲಿಗೇ ನಿಲ್ಲುತ್ತಾರೆ. ಪತ್ರ ಮುಂದುವರಿಯುತ್ತದೆ. ಈ ಕೇಡು ಕಪ್ಪು ಜನರಿಗಿಂತ ಬಿಳಿಯರಿಗೇ ಹೆಚ್ಚು ಎನ್ನುತ್ತದೆ. ಗುಲಾಮರು ಅನುಭವಿಸುವ ಕಠಿಣ ಶಿಕ್ಷೆ ಆ ಜನಾಂಗದ ತರಬೇತಿಗೆ ಅವಶ್ಯವೆನ್ನುತ್ತದೆ. ಅದು ಎಷ್ಟು ಕಾಲ ಬೇಕೆಂಬುದು ಕರುಣಾಮಯನಾದ ದೇವರ ಸಂಕಲ್ಪಕ್ಕೆ ಬಿಟ್ಟದ್ದಂತೆ. ಕ್ರೈಸ್ತಧರ್ಮವು ಎರಡು ಸಾವಿರ ವರ್ಷಗಳಲ್ಲಿ ಮನುಕುಲದ ಒಂದು ಭಾಗವನ್ನಷ್ಟೇ ಬದಲಿಸಿದೆಯಾದ್ದರಿಂದ ಅವಸರ ಸಲ್ಲದಂತೆ.

ಓದುಗರೇ, ಈ ಪತ್ರವನ್ನು ನಿಧಾನವಾಗಿ ಓದಿದವರಿಗೆ ಒಂದು ಚಳಿ ಹತ್ತುತ್ತದೆ. ಒಂದು ಬಿರುಸಿನ ಮಾತೂ ಇಲ್ಲ, ಎಲ್ಲವೂ ಮೃದು. ತಾಳ್ಮೆ ದೊಡ್ಡ ಸದ್ಗುಣವೇ ಸರಿ. ಆದರೆ ಇಲ್ಲಿ ತಾಳ್ಮೆಯಿಂದಿರಲು ಹೇಳುವವನು ಒಬ್ಬ, ತಾಳಿಕೊಳ್ಳಬೇಕಾದವನು ಮತ್ತೊಬ್ಬ. ಇಂತಹ ಭಾಷೆಯನ್ನು ದೈವಸಂಕಲ್ಪದ ವಿಧೇಯತೆ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಅವನ ಮಾತಿಗೆ ಪರೀಕ್ಷೆಯೊದಗಲು ವರ್ಷವೂ ಹಿಡಿಯಲಿಲ್ಲ. 1857ರ ಅಕ್ಟೋಬರ್‌ನಲ್ಲಿ ಮಾವ ತೀರಿಕೊಂಡನು. ಆರ್ಲಿಂಗ್ಟನ್ ಮತ್ತಿತರ ಎಸ್ಟೇಟುಗಳಲ್ಲಿದ್ದ ಸುಮಾರು 190 ಗುಲಾಮರನ್ನು ಐದು ವರ್ಷದೊಳಗೆ ಬಿಡುಗಡೆ ಮಾಡಬೇಕೆಂದು ಉಯಿಲಿನಲ್ಲಿತ್ತು. ಅದನ್ನು ಜಾರಿಗೆ ತರುವ ಹೊಣೆ ಲೀಯದು. ಎಸ್ಟೇಟಿನ ತಲೆಯ ಮೇಲೆ ಸಾಲವಿತ್ತು. ಸಾಲ ತೀರಿಸಲು ಅವರಿಂದ ದುಡಿಸಬೇಕೆಂದು ಅವನು ನಿರ್ಧರಿಸಿದನು, ಹಲವರನ್ನು ದೂರದ ಊರುಗಳಿಗೆ ಬಾಡಿಗೆಗೆ ಕಳುಹಿಸಿದನು. 1860ರ ಹೊತ್ತಿಗೆ ಆರ್ಲಿಂಗ್ಟನ್‌ನಲ್ಲಿ ಒಂದು ಕುಟುಂಬವನ್ನು ಬಿಟ್ಟರೆ ಉಳಿದೆಲ್ಲವೂ ಒಡೆದುಹೋಗಿದ್ದವೆಂದು ಇತಿಹಾಸಕಾರ್ತಿ ಎಲಿಜಬೆತ್ ಬ್ರೌನ್ ಪ್ರಯರ್ ಬರೆದಿದ್ದಾರೆ. ಯಜಮಾನನ ಮರಣದೊಡನೆ ತಮಗೆ ಬಿಡುಗಡೆಯೆಂದು ನಂಬಿದ್ದವರಲ್ಲಿ ವೆಸ್ಲಿ ನಾರಿಸ್ ಒಬ್ಬ. 1859ರಲ್ಲಿ ಅವನು ತಂಗಿ ಮೇರಿ ಮತ್ತು ಒಬ್ಬ ಬಂಧುವಿನೊಡನೆ ಉತ್ತರಕ್ಕೆ ಓಡಿದನು. ಮೇರಿಲ್ಯಾಂಡಿನಲ್ಲಿ ಸಿಕ್ಕಿಬಿದ್ದರು. ನಾರಿಸ್ 1866ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟ ಹೇಳಿಕೆಯ ಪ್ರಕಾರ, ಗಂಡಸರಿಗೆ ಐವತ್ತು, ಮೇರಿಗೆ ಇಪ್ಪತ್ತು ಚಾಟಿಯೇಟುಗಳನ್ನು ಲೀ ವಿಧಿಸಿದನು, ಎದುರಿಗೆ ನಿಂತು ನೋಡಿದನು, ಗಾಯಗಳ ಮೇಲೆ ಉಪ್ಪುನೀರು ಸುರಿಯಲು ಹೇಳಿದನು. ಲೀ ಇಂತಹ ಆರೋಪವನ್ನು ಅಲ್ಲಗಳೆದನು. ಜೀವನಚರಿತ್ರೆಕಾರರು ಅನೇಕ ದಶಕಗಳ ಕಾಲ ಅವನ ಮಾತನ್ನೇ ನಂಬಿದರು. ಕಾಗದಪತ್ರಗಳನ್ನು ತಾಳೆ ನೋಡಿದ ಪ್ರಯರ್ ನಾರಿಸನ ಹೇಳಿಕೆಯನ್ನು ನಂಬಲರ್ಹವೆಂದು ಕಂಡರು.

ಬಿಡುಗಡೆಯ ಪತ್ರಕ್ಕೆ ಲೀ ಸಹಿ ಹಾಕಿದ್ದು 1862ರ ಡಿಸೆಂಬರ್ ಕೊನೆಗೆ, ಐದು ವರ್ಷದ ಅವಧಿ ತೀರಿದ ಮೇಲೆ. 1864ರ ಅಕ್ಟೋಬರ್‌ನಲ್ಲಿ ಸೆರೆಯಾಳುಗಳ ವಿನಿಮಯದ ಮಾತು ಬಂದಾಗ, ಒಕ್ಕೂಟದ ಸಮವಸ್ತ್ರ ತೊಟ್ಟಿದ್ದ ಮಾಜಿ ಗುಲಾಮರನ್ನು ಸೈನಿಕರೆಂದು ಒಪ್ಪಿ ಮರಳಿಸಲು ಅವನು ಸಿದ್ಧನಿರಲಿಲ್ಲ. ಅವರು ದಕ್ಷಿಣದ ನಾಗರಿಕರ ಸೊತ್ತು ಎಂಬುದು ಅವನ ಪಕ್ಷದ ನಿಲುವು. ಗ್ರಾಂಟ್ ಆ ಷರತ್ತಿಗೆ ಒಪ್ಪಲಿಲ್ಲ. ಇಂತಹ ಪತ್ರಕ್ಕೆ ಸಹಿ ಹಾಕಿದ ಕೈಯೇ ಎಂಟು ತಿಂಗಳ ಬಳಿಕ ಕಟಾಂಜನವನ್ನು ಹಿಡಿಯಿತು ಎಂಬುದನ್ನು ಆ ಭಕ್ತಿಕಥೆಯ ಜೊತೆಗಿಟ್ಟು ಓದಬೇಕು.

ಹಾಗಾದರೆ ಸಂತನ ಪ್ರಭಾವಲಯ ಬಂದದ್ದು ಎಲ್ಲಿಂದ? ಲೀ 1870ರ ಅಕ್ಟೋಬರ್ 12ರಂದು ಲೆಕ್ಸಿಂಗ್ಟನ್‌ನಲ್ಲಿ ತೀರಿಕೊಂಡನು. ಎರಡು ವರ್ಷ ತುಂಬುವ ಮುನ್ನವೇ ಅವನ ಅಧೀನದಲ್ಲಿದ್ದ ಜೂಬಲ್ ಅರ್ಲಿ ಮೊದಲಾದವರು ಗೆಟಿಸ್‌ಬರ್ಗ್‌ನ ಸೋಲಿಗೆ ಲೀ ಹೊರತು ಉಳಿದವರನ್ನು ಹೊಣೆಮಾಡಲು ತೊಡಗಿದ್ದರು, ಅಂದೇ ಅದು ತನ್ನ ತಪ್ಪೆಂದು ಲೀ ತನ್ನ ಸೈನಿಕರೆದುರು ಹೇಳಿದ್ದರೂ! ಅರ್ಲಿಯ ಜೊತೆಗೆ ನಿಂತವರಲ್ಲಿ ದೇವಸೇವಕರೂ ಇದ್ದರೆಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ. ಫಿರಂಗಿದಳದ ಮುಖ್ಯಸ್ಥನಾಗಿದ್ದ ಎಪಿಸ್ಕೋಪಲ್ ಗುರು ವಿಲಿಯಂ ಪೆಂಡಲ್ಟನ್ ಊರೂರು ತಿರುಗಿ ಭಾಷಣ ಮಾಡಿದನು. ಬ್ಯಾಪ್ಟಿಸ್ಟ್ ಬೋಧಕ ಜೆ. ವಿಲಿಯಂ ಜೋನ್ಸ್ ಲೀಯ ಶೀಲವನ್ನು ಹೊಗಳಿ ಗ್ರಂಥಗಳನ್ನು ಬರೆದನು. ಯುದ್ಧದ ಕಾರಣವು ಗುಲಾಮಗಿರಿ ಎಂಬುದು ಹಿಂದೆ ಸರಿಯಿತು. ಕ್ರೈಸ್ತ ಸಜ್ಜನನ ದುಃಖಗಾಥೆ ಮುಂದೆ ಬಂತು. 1934-35ರಲ್ಲಿ ಡಗ್ಲಸ್ ಸೌತಾಲ್ ಫ್ರೀಮನ್‌ನ ನಾಲ್ಕು ಸಂಪುಟಗಳ ಚರಿತ್ರೆ ಪುಲಿಟ್ಜರ್ ಪ್ರಶಸ್ತಿಯೊಡನೆ ಅದಕ್ಕೆ ಮುದ್ರೆಯೊತ್ತಿತು. ಶ್ರಮದಲ್ಲಿ ಅದು ಬೃಹತ್ಕೃತಿ, ಯುದ್ಧಭಾಗಗಳು ಇಂದಿಗೂ ಓದಿಸಿಕೊಳ್ಳುತ್ತವೆ. ಆದರೆ ಲೀಯಲ್ಲಿ ಬಿಡಿಸಬೇಕಾದ ಒಗಟೇ ಇಲ್ಲವೆಂಬುದು ಫ್ರೀಮನ್‌ನ ತೀರ್ಮಾನ. ಪ್ರತಿದಿನ ಬೆಳಿಗ್ಗೆ ಕಚೇರಿಗೆ ಹೋಗುವಾಗ ಅವನು ಲೀಯ ಪ್ರತಿಮೆಗೆ ವಂದಿಸುತ್ತಿದ್ದನಂತೆ. ವಂದಿಸಿಯೇ ಲೇಖನಿ ಹಿಡಿದವನಿಗೆ ಒಗಟು ಕಾಣಲಿಲ್ಲವೆಂದರೆ ಅಚ್ಚರಿಯೇನಿಲ್ಲ. 1977ರಲ್ಲಿ ತಾಮಸ್ ಕಾನೆಲಿ ಆ ಅಮೃತಶಿಲೆಯ ಮೂರ್ತಿಯನ್ನು ಕುಟ್ಟಿ ನೋಡಿದರು. 2007ರಲ್ಲಿ ಪ್ರಯರ್ ಕುಟುಂಬದ ಪತ್ರಗಳ ಮೂಲಕ ಒಳಗಿದ್ದ ಮನುಷ್ಯನನ್ನು ತೋರಿಸಿದರು. ಒಂದೇ ಪುಸ್ತಕ ಓದಲು ಬಿಡುವಿದ್ದವರಿಗೆ ನಾನು ಸೂಚಿಸುವುದು ಪ್ರಯರ್ ಅವರದನ್ನು. ಅವರು ಲೀಯನ್ನು ದ್ವೇಷಿಸುವುದಿಲ್ಲ, ಅವನ ಪರವಾಗಿ ಸುಳ್ಳನ್ನೂ ಹೇಳುವುದಿಲ್ಲ.

ನ್ಯಾಯವಾಗಿ ಅವನಿಗೆ ಸಲ್ಲಬೇಕಾದದ್ದು ಕಡಿಮೆಯೇನಲ್ಲ. ಸೋತ ಸೈನಿಕರು ಕಾಡುಸೇರಿ ಗೆರಿಲ್ಲಾ ಯುದ್ಧ ಮುಂದುವರಿಸಲಿ ಎಂಬ ಸಲಹೆಯನ್ನು ಅಪಮ್ಯಾಟಕ್ಸ್‌ನಲ್ಲಿ ತಿರಸ್ಕರಿಸಿದನು. ಇನ್ನೆಷ್ಟೋ ವರ್ಷಗಳ ರಕ್ತಪಾತ ಅದರಿಂದ ತಪ್ಪಿತು. ಬಡ ಕಾಲೇಜೊಂದರ ಅಧ್ಯಕ್ಷನಾಗಿ ಐದು ವರ್ಷ ದುಡಿದನು. ಕೊನೆಯದಾಗಿ ಮನೆಯಿಂದ ಹೊರಬಿದ್ದದ್ದು ಚರ್ಚಿನ ಆಡಳಿತ ಸಮಿತಿಯ ಸಭೆಗೆ. ಗುರುಗಳ ವೇತನಕ್ಕೆ ಕಡಿಮೆ ಬಿದ್ದ 55 ಡಾಲರನ್ನು ತಾನೇ ಕೊಡುವೆನೆಂದು ಹೇಳಿ ಮನೆಗೆ ಬಂದವನು ಊಟದ ಮೇಜಿನ ಬಳಿ ಮಾತು ಕಳೆದುಕೊಂಡನು. ಗೆಟಿಸ್‌ಬರ್ಗ್‌ನಲ್ಲಿ ಸ್ಮಾರಕಗಳನ್ನು ಗುರುತಿಸಲು 1869ರಲ್ಲಿ ಕರೆ ಬಂದಾಗ, ಯುದ್ಧದ ಹುಣ್ಣುಗಳನ್ನು ಮತ್ತೆ ಕೆದಕಬಾರದೆಂಬ ಅರ್ಥದಲ್ಲಿ ನಿರಾಕರಿಸಿ ಬರೆದನು. ಆದರೆ 1866ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಕಪ್ಪು ಜನರಿಗೆ ಮತದಾನದ ಹಕ್ಕು ಕೂಡದೆಂದು ಸಾಕ್ಷ್ಯ ನುಡಿದವನೂ ಇವನೇ.

ಸ್ಮಾರಕ ಬೇಡವೆಂದವನಿಗೆ 1890ರ ಮೇ 29ರಂದು ರಿಚ್ಮಂಡ್‌ನಲ್ಲಿ ಭಾರಿ ಅಶ್ವಾರೂಢ ಪ್ರತಿಮೆ ಎದ್ದಿತು. ಗುಲಾಮಗಿರಿಯಲ್ಲಿ ಹುಟ್ಟಿದ ಪತ್ರಕರ್ತ ಜಾನ್ ಮಿಚೆಲ್ ಆಗಲೇ ಬರೆದನು: ಇದನ್ನು ನಿಲ್ಲಿಸಲು ದುಡಿದವನು ಕಪ್ಪು ಮನುಷ್ಯ, ಕಾಲ ಬಂದರೆ ಇಳಿಸಲಿಕ್ಕೂ ಅವನೇ ಇರುತ್ತಾನೆ ಎಂದು. 2021ರ ಸೆಪ್ಟೆಂಬರ್ 8ರಂದು ಅದನ್ನು ಇಳಿಸಿದ್ದು ಕಪ್ಪು ಜನಾಂಗದ ಗುತ್ತಿಗೆದಾರನ ಸಂಸ್ಥೆ. ದೇವಾಲಯಗಳೂ ಎಚ್ಚೆತ್ತವು. 2015ರಲ್ಲಿ ಚಾರ್ಲ್ಸ್‌ಟನ್ ನಗರದ ದೇವಾಲಯವೊಂದರಲ್ಲಿ ಬೈಬಲ್ ಅಧ್ಯಯನಕ್ಕೆ ಸೇರಿದ್ದ ಒಂಬತ್ತು ಮಂದಿ ಕಪ್ಪು ವಿಶ್ವಾಸಿಗಳನ್ನು ಜನಾಂಗದ್ವೇಷಿಯೊಬ್ಬನು ಗುಂಡಿಟ್ಟು ಕೊಂದ ಬಳಿಕ, ವಾಷಿಂಗ್ಟನ್ನಿನ ರಾಷ್ಟ್ರೀಯ ಪ್ರಧಾನಾಲಯವು ಲೀಗೆ ಅರ್ಪಿತವಾಗಿ 1953ರಿಂದ ತನ್ನಲ್ಲಿದ್ದ ಬಣ್ಣದ ಗಾಜಿನ ಕಿಟಕಿಯ ಬಗ್ಗೆ ಎರಡು ವರ್ಷ ಚರ್ಚಿಸಿ, 2017ರಲ್ಲಿ ತೆಗೆಯಿತು. ಲೆಕ್ಸಿಂಗ್ಟನ್ನಿನಲ್ಲಿ ಲೀಯ ಹೆಸರು ಹೊತ್ತಿದ್ದ ಚರ್ಚು ಅದೇ ವರ್ಷ ಕೃಪಾ ದೇವಾಲಯವೆಂಬ ತನ್ನ ಹಳೆಯ ಹೆಸರಿಗೆ ಮರಳಿತು. 2023ರ ಸೆಪ್ಟೆಂಬರ್‌ನಲ್ಲಿ ಪ್ರಧಾನಾಲಯದ ಆ ಜಾಗದಲ್ಲಿ ಕಲಾವಿದ ಕೆರಿ ಜೇಮ್ಸ್ ಮಾರ್ಷಲ್ ರಚಿಸಿದ ಹೊಸ ಗಾಜುಗಳು ಪ್ರತಿಷ್ಠಾಪಿತವಾದವು. ನ್ಯಾಯ ಕೇಳುತ್ತ ನಡೆಯುವ ಕಪ್ಪು ಜನರು ಅವುಗಳಲ್ಲಿದ್ದಾರೆ.

ಆರ್ಲಿಂಗ್ಟನ್ ಎಸ್ಟೇಟನ್ನು ಯುದ್ಧಕಾಲದಲ್ಲಿ ಒಕ್ಕೂಟ ಸರ್ಕಾರ ವಶಪಡಿಸಿಕೊಂಡು ಸೈನಿಕರ ಸ್ಮಶಾನ ಮಾಡಿತು. 1866ರಲ್ಲಿ ತನ್ನ ಹೇಳಿಕೆ ಕೊಡುವಾಗ ವೆಸ್ಲಿ ನಾರಿಸ್ ಅಲ್ಲಿಯೇ ಇದ್ದನು. ತಾನು ಚಾಟಿಯೇಟು ತಿಂದ ಅದೇ ದಿಬ್ಬದ ಮೇಲೆ, ಸರ್ಕಾರದ ಸಂಬಳಕ್ಕೆ, ಸಮಾಧಿಗಳ ನಡುವೆ ಕೆಲಸ ಮಾಡುತ್ತಿದ್ದನು.