ರೊನಾಲ್ಡ್ ರಾಸ್ ಅವರ ಆತ್ಮವೃತ್ತಾಂತ: ಒಂದು ವಿಮರ್ಶೆ

ವಿಜ್ಞಾನಿಯು ತನ್ನ ಸಂಶೋಧನೆಯ ಚರಿತ್ರೆಯನ್ನು ತಾನೇ ಬರೆದಾಗ ವಾಚಕನಿಗೆ ಲಾಭವೂ ಉಂಟು, ಅಪಾಯವೂ ಉಂಟು. ಸರ್ ರೊನಾಲ್ಡ್ ರಾಸ್ ಅವರು 1923ರಲ್ಲಿ ಪ್ರಕಟಿಸಿದ ಆತ್ಮವೃತ್ತಾಂತವು ಇವೆರಡಕ್ಕೂ ಉತ್ತಮ ನಿದರ್ಶನ. ಮಲೇರಿಯಾ ಸಂಶೋಧನೆಯ ಇತಿಹಾಸವನ್ನು ಅಭ್ಯಸಿಸುವವರು ಈ ಗ್ರಂಥವನ್ನು ಬಿಡುವಂತಿಲ್ಲ. ಆದರೆ ಇದೊಂದನ್ನೇ ನಂಬುವಂತೆಯೂ ಇಲ್ಲವೆಂಬುದು ನಮ್ಮ ಅಭಿಪ್ರಾಯ.

1857ರಲ್ಲಿ ಅಲ್ಮೋರಾದಲ್ಲಿ ಜನಿಸಿದ ರಾಸ್ ಅವರು 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸನ್ನು ಸೇರಿದರು. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ತಮ್ಮ ಬಂಗಲೆಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ತೊಟ್ಟಿಯನ್ನು ಬರಿದುಮಾಡಿಸಿದ ಮೇಲೆ ಸೊಳ್ಳೆಗಳ ಕಾಟ ತಗ್ಗಿತೆಂದು ಅವರು ಹೇಳುತ್ತಾರೆ. ಇದನ್ನು ಮಹಾಶೋಧದ ಮುನ್ಸೂಚನೆಯೆಂದು ಭಾವಿಸುವುದು ಸರಿಯಲ್ಲ. ಲಾವೆರಾನ್ ಅವರು 1880ರಲ್ಲಿ ಆಲ್ಜೀರಿಯಾದಲ್ಲಿ ಕಂಡ ಮಲೇರಿಯಾ ಪರೋಪಜೀವಿಯನ್ನೇ ರಾಸ್ ಅವರು ಬಹುಕಾಲ ನಂಬಿರಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಬಳಿಕವೇ ಅವರ ಸಂದೇಹ ಅಳಿಯಿತು.

ಗ್ರಂಥದ ಶ್ರೇಷ್ಠ ಭಾಗವೆಂದರೆ ಸೋಲಿನ ವರ್ಣನೆ. ಸೊಳ್ಳೆಯು ನೀರಿನಲ್ಲಿ ಸಾಯುವುದು, ಆ ನೀರನ್ನು ಕುಡಿದವರಿಗೆ ರೋಗ ತಗಲುವುದು ಎಂಬ ಮ್ಯಾನ್ಸನ್ನರ ಊಹೆಯನ್ನು ಅನುಸರಿಸಿ, ರಾಸ್ ಅವರು 1895ರಲ್ಲಿ ಅಂತಹ ನೀರನ್ನು ಜನರಿಗೆ ಕುಡಿಸಿಯೂ ನೋಡಿದರು. ತಕ್ಕ ಜಾತಿಯಲ್ಲದ ಸೊಳ್ಳೆಗಳನ್ನು ಸೀಳಿ ಸೀಳಿ ಎರಡು ವರ್ಷ ಕಳೆದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಚುಕ್ಕೆರೆಕ್ಕೆಯ ಸೊಳ್ಳೆಯ ಜಠರಭಿತ್ತಿಯಲ್ಲಿ ಕರಿಯ ವರ್ಣಕಣಗಳುಳ್ಳ ಕೋಶಗಳು ಕಂಡವು. ಸ್ವಲ್ಪಕಾಲದಲ್ಲಿಯೇ ಅವರನ್ನು ರಾಜಪುತಾನಕ್ಕೆ ವರ್ಗಮಾಡಿದ್ದರಿಂದ ಕಾರ್ಯ ನಿಂತಿತು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಕೈಗೊಂಡು, ಪರೋಪಜೀವಿಯು ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರುವುದನ್ನೂ ಕಡಿತದ ಮೂಲಕ ಆರೋಗ್ಯವಂತ ಗುಬ್ಬಚ್ಚಿಗೆ ಹರಡುವುದನ್ನೂ ಸ್ಥಾಪಿಸಿದರು. ಹೀಗೆ ಶೋಧವೆಂಬುದು ಒಂದು ದಿನದ ಸ್ಫುರಣೆಯಲ್ಲ, ಕ್ರಮಬದ್ಧವಾದ ಸರಪಳಿಯೆಂಬುದನ್ನು ಈ ಪುಟಗಳು ಮನಗಾಣಿಸುತ್ತವೆ.

ಆದರೆ ಇದೇ ಲೇಖನಿಯು ಇಟಲಿಯ ಗ್ರಾಸಿ ಅವರ ವಿಷಯದಲ್ಲಿ ತಾಳ್ಮೆಗೆಡುತ್ತದೆ. ಗ್ರಾಸಿ, ಬಿಗ್ನಾಮಿ, ಬಾಸ್ಟಿಯಾನೆಲ್ಲಿ ಇವರು 1898ರಲ್ಲಿಯೇ ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆಯು ಹರಡುವುದೆಂದು ತೋರಿಸಿದರು. ರಾಸ್ ಅವರ ಮಾರ್ಗದರ್ಶನವನ್ನು ಅವರು ಸಾಕಷ್ಟು ಸ್ಮರಿಸಲಿಲ್ಲವೆಂಬ ದೂರಿನಲ್ಲಿ ಸತ್ಯಾಂಶವಿದೆ. ಹಾಗಿದ್ದರೂ ಸೊಳ್ಳೆಯ ಜಾತಿಯನ್ನು ಶಾಸ್ತ್ರೀಯವಾಗಿ ಗುರುತಿಸುವ ಪ್ರಾಣಿಶಾಸ್ತ್ರಜ್ಞಾನ ರಾಸ್ ಅವರಲ್ಲಿ ಇರಲಿಲ್ಲ. ಗ್ರಾಸಿ ಅವರಲ್ಲಿ ಇತ್ತು. 1902ರ ನೊಬೆಲ್ ಪಾರಿತೋಷಕ ರಾಸ್ ಒಬ್ಬರಿಗೇ ಸಂದ ಮೇಲೂ ಆ ಕಹಿ ಶಮನವಾಗಲಿಲ್ಲ. 1998ರಲ್ಲಿ ಪ್ರಕಟವಾದ ರಾಸ್–ಮ್ಯಾನ್ಸನ್ ಪತ್ರಸಂಪುಟವನ್ನು ಜೊತೆಗಿಟ್ಟುಕೊಂಡು ಓದಿದರೆ, ಮ್ಯಾನ್ಸನ್ನರ ಪ್ರೋತ್ಸಾಹ ಎಷ್ಟು ಅವಶ್ಯವಾಗಿತ್ತೆಂಬುದೂ ತಿಳಿಯುತ್ತದೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆಯೊಂದುಂಟು. ಆ ಆಗಸ್ಟ್ ತಿಂಗಳ ಸೊಳ್ಳೆಗಳು ಹೀರಿದ್ದು ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು. ಅವನಿಗೆ ದೊರೆತ ಪ್ರತಿಫಲ ಸೊಳ್ಳೆಯೊಂದಕ್ಕೆ ಒಂದಾಣೆ. ಕಲ್ಕತ್ತೆಯಲ್ಲಿ ನೆರವಾದವನು ಮಹಮದ್ ಬಕ್ಷ್. ರಾಸ್ ಅವರು ಈ ಹೆಸರುಗಳನ್ನು ಮರೆಮಾಡಲಿಲ್ಲವೆಂಬುದು ಅವರ ಹಿರಿಮೆ. ಆದರೆ ಆದ್ಯತೆಯ ವಾದದಲ್ಲಿ ಇವರಿಗೆ ಪಾಲಿಲ್ಲ. ಯಾರು ಮೊದಲು ಕಂಡರೆಂದು ಇಷ್ಟು ನಿಷ್ಠುರವಾಗಿ ವಿಚಾರಿಸುವ ಚರಿತ್ರೆಯು, ಯಾರ ದೇಹದಿಂದ ಕಂಡರೆಂಬುದನ್ನೂ ವಿಚಾರಿಸಬೇಕು.

ವಿವಾದದ ಗದ್ದಲದಲ್ಲಿ ಮರೆಯಾಗುವ ಇನ್ನೊಂದು ಸಾಧನೆಯನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. 1910ರಲ್ಲಿ ಪ್ರಕಟವಾದ ಮಲೇರಿಯಾ ನಿವಾರಣೆಯ ಗ್ರಂಥದಲ್ಲಿ ರಾಸ್ ಅವರು ರೋಗಪ್ರಸಾರವನ್ನು ಗಣಿತಕ್ಕೆ ಅಳವಡಿಸಿದರು. ಸೊಳ್ಳೆಗಳನ್ನು ನಿರ್ಮೂಲಮಾಡಬೇಕಾಗಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಿತಿಯ ಕೆಳಗೆ ಇಳಿಸಿದರೆ ರೋಗವು ತಾನಾಗಿ ಕ್ಷೀಣಿಸುವುದೆಂದು ತೋರಿಸಿದರು. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರು ಇದನ್ನು ವಿಸ್ತರಿಸಿ, ಸೊಳ್ಳೆಯ ಆಯುಸ್ಸಿನ ಮಹತ್ವವನ್ನು ಎತ್ತಿಹಿಡಿದರು. ಇಂದಿನ ಸಾಂಕ್ರಾಮಿಕರೋಗಗಳ ಗಣಿತವು ಈ ತಳಹದಿಗೆ ಋಣಿಯಾಗಿದೆ.

ಆದುದರಿಂದ ವಿದ್ಯಾರ್ಥಿಗಳು ಈ ಗ್ರಂಥವನ್ನು ಶ್ರಮದ ದಾಖಲೆಯಾಗಿ ಗೌರವದಿಂದ ಓದಲಿ. ಅದರ ತೀರ್ಪುಗಳನ್ನು ಮಾತ್ರ ಇತರ ಸಾಕ್ಷ್ಯಗಳೊಡನೆ ತೂಗಿ ನೋಡಲಿ. ಪ್ರಯೋಗಶಾಲೆಯಲ್ಲಿ ರಾಸ್ ಅವರೇ ಪಾಲಿಸಿದ ನಿಯಮವೂ ಇದೇ ಆಗಿತ್ತು.