ಬಿಟ್ಟಿ ಊಟದ ಬೆಲೆ

ಖಲೀಫ ಹಾರೂನ್ ರಶೀದ್ ರಾತ್ರಿ ಹೊತ್ತು ಮಾರುವೇಷದಲ್ಲಿ ಬಗ್ದಾದಿನ ಪೇಟೆ ಸುತ್ತುತ್ತಿದ್ದ ಕಥೆಗಳನ್ನು ನಾವು ಉರ್ದು ಶಾಲೆಯಲ್ಲಿ ಬಾಯ್ತೆರೆದು ಕೇಳಿದವರು. ಈಗ ಆ ಕೆಲಸವನ್ನು ಕಂಪೆನಿಗಳು ಕೂಲಿಗೆ ಕೊಟ್ಟಿವೆ. ಮಿಸ್ಟರಿ ಶಾಪರ್ ಎಂದು ಹೆಸರು. ಸಾಮಾನ್ಯ ಗಿರಾಕಿಯಂತೆ ಹೋಟೆಲಿಗೆ ಹೋಗಿ ಉಣ್ಣಬೇಕು; ಸಪ್ಲೈಯರ್ ಎಷ್ಟು ನಿಮಿಷಕ್ಕೆ ಬಂದ, ನಕ್ಕನೇ, ಮೇಜು ಒರೆಸಿದ್ದನೇ ಎಂದು ವರದಿ ಬರೆಯಬೇಕು. ಬಿಲ್ಲಿನ ಹಣ ವಾಪಸು ಬರುತ್ತದೆ, ಜೊತೆಗೆ ಒಂದಿಷ್ಟು ಶುಲ್ಕ. ಕೆಲವೊಮ್ಮೆ ಶುಲ್ಕವೂ ಇಲ್ಲ, ಉಂಡದ್ದೇ ಸಂಬಳ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ನಮ್ಮ ತಂಗಿಯ ಮಗ ಊರಿಗೆ ಬಂದಾಗ ಲೆಕ್ಕ ಒಪ್ಪಿಸಿದ. ಒಂದೇ ತಿಂಗಳಲ್ಲಿ ಆರು ಸಾವಿರ ರೂಪಾಯಿ ಗಳಿಕೆಯಂತೆ. ಬಿಡಿಸಿ ಕೇಳಿದರೆ ಕೈಗೆ ಬಂದ ನಗದು ಒಂಬೈನೂರು. ಉಳಿದದ್ದು ಪಿಜ್ಜಾ, ಕಾಫಿ, ಒಂದು ಕ್ಷೌರ, ತಾನೆಂದೂ ಹಚ್ಚಿಕೊಳ್ಳದ ಒಂದು ಸೆಂಟಿನ ಬಾಟಲಿ. "ಮಾಮೂ, ಎಲ್ಲದಕ್ಕೂ ಅಂಗಡಿ ರೇಟೇ ಹಾಕಿದ್ದೇನೆ" ಎಂದ. ಅವನು ಬಂದದ್ದು ಕೋಣೆಯ ಬಾಡಿಗೆಗೆ ಅಮ್ಮನ ಬಳಿ ಹಣ ಕೇಳಲು!

ಅಂಗಡಿಯ ಬೆಲೆಯೂ ಪಡೆದವನ ಪಾಲಿನ ಬೆಲೆಯೂ ಒಂದೇ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕ್ರಿಸ್ಮಸ್ ಉಡುಗೊರೆಗಳನ್ನು ಕುರಿತು ಬರೆದ ಲೇಖನದಲ್ಲಿ ಇದನ್ನೇ ಅಳೆದ. ಕೊಟ್ಟವರು ತೆತ್ತ ಬೆಲೆಯಲ್ಲಿ ಹತ್ತನೆಯ ಒಂದರಿಂದ ಮೂರನೆಯ ಒಂದು ಪಾಲಿನವರೆಗೆ ಪಡೆದವರ ಲೆಕ್ಕದಲ್ಲಿ ಕರಗಿಹೋಗುತ್ತದೆ ಎಂಬುದು ಅವನ ಅಂದಾಜು. ಅದು ಪ್ರೀತಿಯಿಂದ ಕೊಟ್ಟ ವಸ್ತುವಿನ ಮಾತು. ದುಡಿಮೆಯ ಬದಲಿಗೆ ಬಂದದ್ದರ ಗತಿ ಏನು?

ಕಾನೂನು ಈ ಜಾಣತನವನ್ನು ಬಹಳ ಹಿಂದೆಯೇ ಕಂಡಿತ್ತು. ಬ್ರಿಟನ್ನಿನ 1831ರ ಟ್ರಕ್ ಕಾಯ್ದೆ ಹಲವು ಕಸುಬುಗಳಲ್ಲಿ ಕೂಲಿಯ ಬದಲು ಸಾಮಾನು ಕೊಡುವುದನ್ನು ನಿಷೇಧಿಸಿತು. ನಮ್ಮ 1948ರ ಕನಿಷ್ಠ ವೇತನ ಕಾಯ್ದೆಯೂ ನಗದನ್ನೇ ನಿಯಮವಾಗಿಸಿತ್ತು. ವಸ್ತು ಕೊಡುವ ರೂಢಿಯಿದ್ದಲ್ಲಿ ಸರಕಾರದ ಒಪ್ಪಿಗೆ ಬೇಕಿತ್ತು. ಬೆಲೆ ಕಟ್ಟುವಾಗ ಹತ್ತಿರದ ಮಾರುಕಟ್ಟೆಯ ಚಿಲ್ಲರೆ ದರ ನೋಡಬೇಕೆಂದು ಕೇಂದ್ರದ ನಿಯಮ ಹೇಳಿತ್ತು. ಆದರೆ ಮಾರುವೇಷದ ಗಿರಾಕಿಯನ್ನು ಯಾರೂ ಕೂಲಿಯಾಳೆಂದು ಕರೆಯುವುದಿಲ್ಲ, ಅವನು 'ಸ್ವತಂತ್ರ'. ತೆರಿಗೆಯವರು ಮಾತ್ರ ಪುಕ್ಕಟೆ ವಸ್ತುವನ್ನು ಗಂಭೀರವಾಗಿ ತೆಗೆದುಕೊಂಡರು. ವೃತ್ತಿಯಲ್ಲಿ ದೊರೆತ ಸವಲತ್ತು ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇ. 10 ಕಡಿತವೆಂಬ ನಿಯಮ 2022ರ ಜುಲೈ 1ರಂದು ಜಾರಿಗೆ ಬಂತು. ಪ್ರಚಾರಕ್ಕೆ ಕೊಟ್ಟ ಮೊಬೈಲನ್ನು ಮರಳಿಸಿದರೆ ಅದು ಸವಲತ್ತಲ್ಲ ಎಂಬ ವಿವರಣೆಯೂ ಬಂತು. ಉಂಡ ಪಿಜ್ಜಾವನ್ನು ಮರಳಿಸುವುದು ಹೇಗೋ!

ಹುಡುಗನಿಗೆ ಬುದ್ಧಿ ಹೇಳಲು ಹೊರಟವರು ನಾವು ಅಲ್ಲಿಗೇ ನಿಂತೆವು. ನಮ್ಮ ಕಪಾಟಿನಲ್ಲಿ ಉಪನ್ಯಾಸಗಳಿಗೆ ಹೊದಿಸಿದ ಶಾಲುಗಳಿವೆ. ಒಂದನ್ನೂ ಯಾರೂ ಕೊಳ್ಳಲಾರರು. ವಿಮರ್ಶೆಗೆಂದು ಬಂದ ಗೌರವ ಪ್ರತಿಗಳ ಸಾಲಿದೆ. ಮುಖಬೆಲೆ ಕೂಡಿಸಿದರೆ ನಾವೂ ಶ್ರೀಮಂತರೇ. ಮಾಲೆ ಮುಫ್ತ್, ದಿಲೆ ಬೇರಹಮ್ ಎನ್ನುತ್ತಾರೆ, ಬಿಟ್ಟಿ ಮಾಲಿಗೆ ಕರುಣೆಯಿಲ್ಲ ಎಂದು. ನಮ್ಮಲ್ಲಿ ಆದದ್ದು ಉಲ್ಟಾ. ಬಿಟ್ಟಿ ಬಂದ ಪುಸ್ತಕಗಳ ಮೇಲೆ ನಾವು ತೀರಾ ಕರುಣಾಳುಗಳಾಗಿ ಬರೆದಿದ್ದೇವೆ.

ಅವನು ಹಾಗಲ್ಲ, ಕಂಡದ್ದನ್ನೇ ಬರೆಯುತ್ತಾನೆ. ಒಂದು ಹೋಟೆಲಿನ ಸಪ್ಲೈಯರ್ ನಗಲಿಲ್ಲ, ಹನ್ನೆರಡು ನಿಮಿಷ ತಡ ಮಾಡಿದ ಎಂದು ಹೆಸರು ಸಮೇತ ಬರೆದಿದ್ದನಂತೆ. ಆ ಊಟವನ್ನು ನಾನೂರು ರೂಪಾಯಿ ಎಂದು ಲೆಕ್ಕಕ್ಕೆ ಹಾಕಿದ್ದ. ಎರಡು ತಿಂಗಳ ಮೇಲೆ ಮತ್ತೆ ಅಲ್ಲಿಗೇ ಕಳಿಸಿದರು, ಆ ಸಪ್ಲೈಯರ್ ಕಾಣಲಿಲ್ಲ. ಎಲ್ಲಿ ಹೋದ ಎಂದು ಕೇಳಬೇಕೆನ್ನಿಸಿತಂತೆ. ಕೇಳಿದರೆ ವೇಷ ಬಯಲಾಗಿ ಊಟದ ದುಡ್ಡು ಕೈತಪ್ಪುತ್ತಿತ್ತು.