ಮೂಟೆ ದೂಡಿದವನು

ಸ್ಲಿಮ್ ಸೇನಾಪತಿಯ ‘ಡಿಫೀಟ್ ಇನ್‌ಟು ವಿಕ್ಟರಿ’ (1956) ಸೈನಿಕನೊಬ್ಬ ಬರೆದ ಒಳ್ಳೆಯ ಗದ್ಯ. ಕೋಗಿಲಬನದ ಮಳೆಗಾಲದಲ್ಲಿ ಅದನ್ನು ಮತ್ತೆ ಓದಿದೆನು. ಬರ್ಮಾ ಕಾಳಗಕ್ಕೆ ಪ್ಯಾರಾಚೂಟು ಸಾಲದಾಗ ಕಲ್ಕತ್ತೆಯಲ್ಲಿ ಸೆಣಬಿನಿಂದಲೇ ‘ಪ್ಯಾರಾಜೂಟು’ ಮಾಡಿಸಿದ ಪ್ರಸಂಗವನ್ನು ವಾಚಕರು ಮರೆಯಲಾರರು: ಒಂದಕ್ಕೆ ಪೌಂಡಿಗಿಂತ ತುಸು ಹೆಚ್ಚು ಖರ್ಚು, ಹಳೆಯದಕ್ಕೆ 20ರ ಮೇಲೆ! ಆದರೆ 1944ರಲ್ಲಿ ಕೊಹಿಮಾ ಗುಡ್ಡಗಳ ಮೇಲೆ ಡಕೋಟಾದ ತೆರೆದ ಬಾಗಿಲಿನಿಂದ ಮೂಟೆಗಳನ್ನು ಹೊರದೂಡಿದ ಸರಬರಾಜು ಸಿಪಾಯಿ? ವಿಮಾನ ಬಿದ್ದರೆ ಚಾಲಕನೊಡನೆ ಅವನೂ ಸಾಯುತ್ತಿದ್ದನು. ಸೆಣಬು ನೆನಪಿನಲ್ಲಿ ಉಳಿಯುತ್ತದೆ, ಅವನು ಉಳಿಯುವುದಿಲ್ಲ. ನನ್ನ ಮಟ್ಟಿಗೆ ಗ್ರಂಥದ ಕೊರತೆ ಇದೇ. ಸೇನಾಪತಿಯ ಕಣ್ಣಿಗೆ ಟನ್ನುಗಳ ಲೆಕ್ಕ ಮೊದಲು ಕಾಣುವುದು ಸಹಜವೆನ್ನಿ. ರಂಗೂನಿನ ಬಳಿಯ ತೌಕ್ಯಾನ್ ಸ್ಮಾರಕದ ಕಂಬಗಳಲ್ಲಿ ಗೋರಿಯಿಲ್ಲದ ಸುಮಾರು 27,000 ಜನರ ಹೆಸರುಗಳಿವೆ. ಅವರಲ್ಲೊಬ್ಬನನ್ನು ನಮ್ಮ ಕಾದಂಬರಿಕಾರರು ಎತ್ತಿಕೊಳ್ಳಬಾರದೇ?